ಹದಿನಾರು ಬಾಯಿಯ ಚಾಕು

ಕಿಸೆಚಾಕು ಕೊಳ್ಳಲು ಬರುವವನಷ್ಟು ತನ್ನ ಬಗ್ಗೆ ತಾನೇ ತಪ್ಪು ತಿಳಿದುಕೊಂಡ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಪೆನ್ಸಿಲ್ ಹೆರೆಯುವುದು, ನಿಂಬೆಹಣ್ಣು ಹೋಳು ಮಾಡುವುದು, ಊರಿನಿಂದ ಬಂದ ಗಂಟಿನ ಸುತಳಿ ಕೊಯ್ಯುವುದು, ಇಷ್ಟರಲ್ಲಿ ಅವನ ಚಾಕಿನ ಕೆಲಸ ಮುಗಿಯಿತು. ಆದರೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಅವನಿಗೆ ಏನೋ ಆಗಿಬಿಡುತ್ತಿತ್ತು. ನಾಳೆ ಬೆಳಗ್ಗೆ ಅಡವಿಗೆ ಹೋಗಿ ಹುಲಿಯ ಚರ್ಮ ಸುಲಿಯುವವನ ಹಾಗೆ ಎದೆ ಮುಂದೆ ಮಾಡಿ ಕೇಳುತ್ತಿದ್ದ: "ಇದರಾಗ ಗರಗಸ ಅದ ಏನ್ರಿ?"

ಇತ್ತು. ಗರಗಸವೂ ಇತ್ತು, ಸೀಸೆಯ ಬೂಚು ಕೀಳುವ ತಿರುಪೂ ಇತ್ತು, ಕುದುರೆಯ ಗೊರಸಿನಿಂದ ಕಲ್ಲು ತೆಗೆಯುವ ಕೊಕ್ಕೆಯೂ ಇತ್ತು. ಹೆಂಡ ಮುಟ್ಟದ, ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಗುಮಾಸ್ತರು ಇವೆಲ್ಲ ಬೇಕೆಂದು ಹಟ ಹಿಡಿದು ಒಯ್ಯುತ್ತಿದ್ದರು. ನಾನು ಕಟ್ಟಿ ಕೊಡುತ್ತಿದ್ದೆ.

ಪುಣೆಯ ಕ್ಯಾಂಪಿನಲ್ಲಿ ಚಾಕು, ಕತ್ತರಿ, ಕ್ಷೌರದ ಕತ್ತಿ ಮಾರುವ ಅಂಗಡಿಯಲ್ಲಿ ನನ್ನ ಉಮೇದಿನ ದಿನಗಳೆಲ್ಲ ಕಳೆದವು. ಈಗ ಮನೆಯಲ್ಲಿ ಕೂತಿದ್ದೇನೆ. ಕೌಂಟರಿನ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗರು ಆಗಾಗ ಬಂದು, "ಕಾಕಾ, ಗಿರಾಕಿ ಹತ್ರ ಹ್ಯಾಂಗ ಮಾತಾಡಬೇಕ್ರಿ?" ಎಂದು ಕೇಳುತ್ತಾರೆ. ಮನಸ್ಸಿನ ತಿರಸ್ಕಾರ ಮುಖದ ಮೇಲೆ ಬರದಂತೆ ನೋಡಿಕೊಳ್ಳಿ ಎನ್ನುತ್ತೇನೆ. ನನಗೆ ಅದು ಕೊನೆಯವರೆಗೂ ಬರಲಿಲ್ಲ. ಬಾರದ್ದರಿಂದ ಏನಾಯಿತೆಂಬುದನ್ನು ಬರೆದಿಡುತ್ತೇನೆ, ಬೇಕಾದವರು ಓದಲಿ.

ನಾನು ಧಾರವಾಡದಿಂದ ಬಂದು ಕೆಲಸಕ್ಕೆ ಸೇರಿದಾಗ ಮೊದಲ ಮಹಾಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ಅಂಗಡಿಯ ಮಾಲೀಕರು ಗುಜರಾತಿ ಶೇಠಜಿ. ಮಾತು ಕಡಿಮೆ, ಎಲೆ ಅಡಿಕೆ ಹೆಚ್ಚು. ಅವರ ಪದ್ಧತಿ ಸರಳವಾಗಿತ್ತು. ಗಿರಾಕಿಯ ಮುಂದೆ ನಾಲ್ಕು ಚಾಕು ಇಡು, ಒಂದು ತುಂಡು ಹಗ್ಗ ಕೊಡು, ಸುಮ್ಮನೆ ನಿಂತುಕೋ. ಕೊಯ್ದು ನೋಡಿ ಅವನಿಗೆ ಯಾವುದು ಕೈಗೆ ಹತ್ತಿತೋ ಅದನ್ನು ಒಯ್ಯುತ್ತಾನೆ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಸೇರಿದ ಹೊಸತರಲ್ಲಿ ಒಬ್ಬ ಗೋರಾ ಸಾಹೇಬನ ಎದುರಿಗೆ ನನ್ನ ಜಾಣತನ ತೋರಿಸಲು ಹೋಗಿ, "ಈ ಅಲಗು ಮುರಿಯುವುದೇ ಇಲ್ಲ" ಎಂದು ಚಾಕಿನ ತುದಿಯನ್ನು ಹಲಗೆಗೆ ನೆಟ್ಟು ಪಕ್ಕಕ್ಕೆ ಎಳೆದೆ. ಟಣ್ ಎಂದು ಮುರಿದು ತುಂಡು ಹಾರಿ ಶೇಠಜಿಯ ಎಲೆಯ ಡಬ್ಬಿಯೊಳಗೆ ಬಿತ್ತು. ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕು ಬೇರೊಂದು ಚಾಕು ಕೊಂಡ. ಶೇಠಜಿ ತುಂಡನ್ನು ಎತ್ತಿ ನನ್ನ ಕೈಯಲ್ಲಿಟ್ಟು, "ಚಾಕು ಇರೂದು ಕೊಯ್ಯಲಿಕ್ಕೆ, ಮೀಟಲಿಕ್ಕೆ ಅಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ನನಗೆ ಅಲ್ಲಿ ಸಿಕ್ಕ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿತ್ತು.

ಹೀಗೆ ಹಲವು ವರ್ಷ ನಡೆಯಿತು. ಆಮೇಲೆ ಶೇಠಜಿಗೆ ಕಣ್ಣು ಮಂಜಾಗತೊಡಗಿ, ಅಂಗಡಿ ನೋಡಿಕೊಳ್ಳಲು ಒಬ್ಬ ಮ್ಯಾನೇಜರನ್ನು ತಂದರು. ಅವರೇ ಶ್ರೀಪಾದರಾಯರು. ಬೆಳಗಾವಿಯವರು, ಮುಂಬಯಿಯ ದೊಡ್ಡ ಅಂಗಡಿಯೊಂದರಲ್ಲಿ ಪಳಗಿದವರು. ಜರಿಯಂಚಿನ ಶಲ್ಯ, ಅತ್ತರಿನ ವಾಸನೆ, ಮೀಸೆಯ ಕೆಳಗೆ ಸದಾ ಸಿದ್ಧವಾಗಿರುವ ನಗು. ಬಂದ ದಿನವೇ ಹಗ್ಗದ ತುಂಡನ್ನು ಕಸದ ಬುಟ್ಟಿಗೆ ಹಾಕಿಸಿದರು.

"ಗುರುನಾಥರಾಯರ, ಗಿರಾಕಿ ಚಾಕು ಕೊಳ್ಳಾಕ ಬರೂದಿಲ್ರಿ. ತಾನು ಏನೋ ಒಬ್ಬ ಮನಷ್ಯಾ ಅಂತ ಅನಿಸಿಕೊಳ್ಳಾಕ ಬರತಾನ. ಅದನ್ನ ಮಾರ್ರಿ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕೌಂಟರಿನ ಮೇಲೆ ಗಾಜಿನ ಪೆಟ್ಟಿಗೆಗಳು ಬಂದವು. ಚಾಕು ಕೈಗೆ ಕೊಡಬಾರದು, ಗಾಜಿನಾಚೆಯಿಂದ ತೋರಿಸಬೇಕು. ಬೀದಿಗೆ ಮುಖ ಮಾಡಿದ ಕಿಟಕಿಯಲ್ಲಿ ಹದಿನಾರು ಬಾಯಿಯ ಚಾಕೊಂದನ್ನು ಎಲ್ಲ ಅಲಗು ಬಿಚ್ಚಿ ನವಿಲು ಗರಿಗೆದರಿದ ಹಾಗೆ ನಿಲ್ಲಿಸಿದರು. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದರು. ಮಕ್ಕಳು ನೋಡಿದರೆ ತಪ್ಪಿಲ್ಲ. ಆದರೆ ವಕೀಲರು, ಮಾಸ್ತರರು, ಮೊಮ್ಮಕ್ಕಳನ್ನು ಕಂಡವರು ಸಹ ಅದೇ ಗಾಜಿಗೆ ಅದೇ ರೀತಿ ಮೂಗು ಒತ್ತುತ್ತಿದ್ದರು! ಅದನ್ನು ಕಿಸೆಯಲ್ಲಿ ಹಾಕಿಕೊಂಡರೆ ಕೋಟಿನ ಒಂದು ಮಗ್ಗುಲು ಜೋತು, ನಡೆಯುವವನು ಕುಂಟನ ಹಾಗೆ ಕಾಣುತ್ತಿದ್ದ. ಮುಷ್ಟಿಯಲ್ಲಿ ಹಿಡಿದರೆ ಇಟ್ಟಿಗೆ ಹಿಡಿದಂತೆ. ಬೇಕಾದ ಅಲಗನ್ನು ಉಗುರಿನಿಂದ ಎಬ್ಬಿಸುವಷ್ಟರಲ್ಲಿ ಬೇಡದ ಇನ್ನೆರಡು ತಾವೇ ಹೊರಗೆ ಇಣುಕುತ್ತಿದ್ದವು. ಮಿಲಿಟರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಕಡೆಯ ಆಚಾರ್ಯರೊಬ್ಬರು ದೀಪಾವಳಿಗೆ ಬರುವ ಅಳಿಯನಿಗೆ ಇದನ್ನೇ ಕೊಡಬೇಕೆಂದು ಬಂದರು.

"ಅಳಿಯಂದ್ರು ಏನು ಮಾಡಿಕೊಂಡು ಇದ್ದಾರ್ರಿ?" ಎಂದೆ.

"ಸಂಸ್ಕೃತ ಪಾಠ ಹೇಳತಾರ."

"ಗರಗಸ ಯಾತಕ್ರಿ ಅವರಿಗೆ?"

ಆಚಾರ್ಯರು ಗಂಭೀರವಾಗಿ ಯೋಚಿಸಿ, "ಇರಲಿ ಬಿಡ್ರಿ, ಒಂದು ಇದ್ರ ಛಲೋ" ಎಂದರು.

ಕಿಸೆಚಾಕಿನ ವ್ಯಾಪಾರವೆಲ್ಲ ಈ "ಇದ್ರ ಛಲೋ" ಎಂಬ ಮಾತಿನ ಮೇಲೆಯೇ ನಿಂತಿದೆ. ಹುಡುಗರೇ, ನಾಳೆ ಏನು ಕೊಯ್ಯುತ್ತೀರಿ ಎಂದು ಗಿರಾಕಿಯನ್ನು ಕೇಳಬೇಡಿ. ನಾಳೆಯ ವಿಷಯದಲ್ಲಿ ಎಲ್ಲರೂ ಶೂರರೇ. ನಿನ್ನೆ ಏನು ಕೊಯ್ದಿರಿ ಎಂದು ಕೇಳಿ. ಅವನು ತಲೆ ತುರಿಸಿಕೊಂಡು "ಹಗ್ಗ... ಅಲ್ಲ, ಸುತಳಿ" ಎಂದು ತಡವರಿಸಿದರೆ ಒಂದು ಅಲಗಿನ ಚಾಕು ಕೊಡಿ. ಭಾಳ ಆದರೆ ಎರಡು, ಒಂದು ದೊಡ್ಡದು, ಒಂದು ಸಣ್ಣದು. ಮೂರನೆಯ ಅಲಗಿಗೆ ಅವನು ಕಾರಣ ಹೇಳಬೇಕು.

ಶ್ರೀಪಾದರಾಯರು ನನ್ನ ಈ ಪ್ರಶ್ನೆಗಳನ್ನು ಒಂದು ವಾರ ಕೇಳಿಸಿಕೊಂಡರು. ಆಮೇಲೆ ಹುಕುಂ ಮಾಡಿದರು. ಅಂಗಡಿಯ ಪ್ರತಿಯೊಬ್ಬನೂ ಹದಿನಾರರ ಚಾಕನ್ನು ಸರಪಳಿ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಗಿರಾಕಿಯ ಕಣ್ಣಿಗೆ ಬೀಳುವಂತೆ. ಮನೆಯಿಂದ ತಂದ ಹಳೆಯ ಚಾಕು ಯಾರ ಕಿಸೆಯಲ್ಲೂ ಇರಕೂಡದು. ಗಂಟೆ ಕಟ್ಟಿದ ಎತ್ತಿನಂತೆ ನಾನು ಝಣಝಣ ಎನ್ನುತ್ತ ಓಡಾಡತೊಡಗಿದೆ.

ಒಂದು ದಿನ ಊರ ಹೊರಗಿನ ಕೊಂಢವಾದಲ್ಲಿ ತೋಟದ ಮನೆ ಮಾಡಿಕೊಂಡಿದ್ದ ಶ್ರೀಮಂತರೊಬ್ಬರು ಚಾಕುಗಳನ್ನು ಮನೆಗೇ ತಂದು ತೋರಿಸಿರೆಂದು ಹೇಳಿಕಳಿಸಿದರು. ಮಾದರಿಯ ಪೆಟ್ಟಿಗೆ ತೆಗೆದುಕೊಂಡು ನಾನೂ ಶ್ರೀಪಾದರಾಯರೂ ಟಾಂಗಾ ಹತ್ತಿದೆವು. ಆಗ ಆ ಕಡೆ ಮನೆಗಳಿಲ್ಲ, ಬರೀ ಹೊಲ, ಕಲ್ಲಿನ ರಸ್ತೆ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತಿದ್ದೆವು. ರಾಯರು ಮುಂಬಯಿಯ ಕಥೆ ಹೇಳುತ್ತಿದ್ದರು. ನಡುವೆ ಮಾತು ನಿಂತಿತು. ಅವರ ಮಾತು ನಿಲ್ಲುವುದೆಂದರೆ ಆಶ್ಚರ್ಯವೇ, ತಿರುಗಿ ನೋಡಿದೆ.

ಅವರ ಜರಿಯ ಶಲ್ಯದ ತುದಿ ಬದಿಯಿಂದ ಜೋತು ಗಾಲಿಯ ಅರಗಳಿಗೆ ಸಿಕ್ಕಿತ್ತು. ಗಾಲಿ ತಿರುಗಿದಂತೆ ಶಲ್ಯ ಅಚ್ಚಿಗೆ ಸುತ್ತಿಕೊಳ್ಳುತ್ತ ಅವರ ಕುತ್ತಿಗೆಯನ್ನು ಕೆಳಗೆ ಎಳೆಯುತ್ತಿತ್ತು. ಮುಖ ಕಪ್ಪಿಟ್ಟಿತ್ತು. ಕಣ್ಣುಗಳು ಹೊರಗೆ ಬಂದಿದ್ದವು. ನಾನು ಕಿರುಚಿದೆ. ಟಾಂಗಾದವನು ಕುದುರೆ ನಿಲ್ಲಿಸಿದ. ಆದರೆ ಗಾಲಿ ನಿಂತರೂ ಬಿಗಿ ಸಡಿಲಲಿಲ್ಲ. ರಾಯರ ಗದ್ದ ಗಾಲಿಯ ಮೇಲಿನ ಮರದ ಪಟ್ಟಿಗೆ ಒತ್ತಿಕೊಂಡಿತ್ತು, ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು.

ಸೊಂಟದ ಸರಪಳಿ ಎಳೆದು ಚಾಕು ತೆಗೆದೆ. ಮೊದಲು ಬಂದದ್ದು ಬೂಚಿನ ತಿರುಪು. ಅದನ್ನು ಮಡಿಚಲು ಪುರಸತ್ತಿಲ್ಲದೆ ಪಕ್ಕದ್ದನ್ನು ಎಳೆದೆ, ಡಬ್ಬಿ ಕೊರೆಯುವ ಕೊಕ್ಕೆ ಬಂತು. ಮೂರನೆಯದರಲ್ಲಿ ನನ್ನ ಉಗುರು ಕಿತ್ತುಹೋಯಿತು. ನನ್ನ ವೃತ್ತಿ ಚಾಕು ಮಾರುವುದು. ಅದರ ಒಂದೊಂದು ಅಲಗಿನ ಸ್ಥಾನವೂ ನನಗೆ ನಿದ್ದೆಯಲ್ಲಿ ಗೊತ್ತು. ಆದರೂ ಬೇಕಾದ ಹೊತ್ತಿನಲ್ಲಿ ದೊಡ್ಡ ಅಲಗು ಎಲ್ಲಿದೆ ಎಂಬುದು ತಿಳಿಯಲಿಲ್ಲ. ಕಣ್ಣ ಮುಂದೆ ಒಬ್ಬ ಮನುಷ್ಯ ಸಾಯುತ್ತಿದ್ದ. ನಾನು ಕೈಯಲ್ಲಿ ಕಬ್ಬಿಣದ ಮುಳ್ಳುಹಂದಿಯೊಂದನ್ನು ಹಿಡಿದುಕೊಂಡು ನಿಂತಿದ್ದೆ.

"ಚಾಕು ಕಾಯ್ ಕರತಾ! ಚಾಕ ಮಾಗಂ ಫಿರವಾ!" ಎಂದು ಟಾಂಗಾದವನು ಅರಚಿದ. ಚಾಕು ಏನು ಮಾಡುತ್ತೀರಿ, ಗಾಲಿ ಹಿಂದಕ್ಕೆ ತಿರುಗಿಸಿ ಎಂದು. ಅವನು ಕುದುರೆಯ ಎದೆಗೆ ಭುಜ ಕೊಟ್ಟು ಹಿಂದೆ ತಳ್ಳಿದ. ನಾನು ಚಾಕು ಬಿಟ್ಟು ಗಾಲಿಯ ಅರ ಹಿಡಿದು ತಿರುವಿದೆ. ಒಂದು ಸುತ್ತು ಹಿಂದಕ್ಕೆ ಬಂದದ್ದೇ ಶಲ್ಯ ಸಡಿಲಾಯಿತು. ರಾಯರು ರಸ್ತೆಯ ಮೇಲೆ ಕುಸಿದು ಕೆಮ್ಮತೊಡಗಿದರು. ಶಲ್ಯಕ್ಕೆ ಅಚ್ಚಿನ ಜಿಡ್ಡು ಹತ್ತಿತ್ತು, ಒಂದು ಎಳೆಯೂ ಹರಿದಿರಲಿಲ್ಲ.

ಟಾಂಗಾದವನು ಕುಡಿಯುವ ನೀರು ಕೊಟ್ಟ. ರಾಯರು ನನ್ನ ತೋಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆ ಒಂದು ಗಳಿಗೆ ನನಗೆ ಅವರ ಮೇಲೆ ಮರುಕ ಹುಟ್ಟಿತೆಂಬುದು ನಿಜ. ಅದು ಎರಡು ದಿನವೂ ಬಾಳಲಿಲ್ಲ.

ಮೂರನೆಯ ದಿನ ಅಂಗಡಿಗೆ ಹೋದರೆ ಕಿಟಕಿಯ ಮುಂದೆ ಜನ ನಿಂತಿದ್ದರು. ಗಾಜಿನೊಳಗೆ ನವಿಲಿನ ಪಕ್ಕದಲ್ಲಿ ಜಿಡ್ಡು ಹತ್ತಿದ ಅದೇ ಶಲ್ಯ, ನಟ್ಟನಡುವೆ ಎರಡು ತುಂಡಾಗಿ ತೂಗುತ್ತಿತ್ತು. ಕೆಳಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಫಲಕ: ಈ ಚಾಕು ಒಂದು ಪ್ರಾಣ ಉಳಿಸಿತು! ಶಲ್ಯದ ಅಂಚು ನೋಡಿದೆ. ನೆಟ್ಟಗೆ, ಗೆರೆ ಎಳೆದ ಹಾಗೆ ಇತ್ತು. ದರ್ಜಿಯ ದೊಡ್ಡ ಕತ್ತರಿಯ ಕೆಲಸ ಎಂದು ಈ ಧಂದೆಯವರು ಯಾರಾದರೂ ಹೇಳುತ್ತಿದ್ದರು. ಚಾಕು ಮಾರಲು ಕತ್ತರಿಯಿಂದ ಸಾಕ್ಷಿ ಹೇಳಿಸಿದ್ದರು!

"ಇದೇನ್ರಿ ರಾಯರ?" ಎಂದೆ.

"ವ್ಯಾಪಾರರೀ," ಎಂದರು. ಕುತ್ತಿಗೆಯ ಮೇಲೆ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. "ಕುತ್ತಿಗಿ ನಂದು, ಶಲ್ಯ ನಂದು. ನಿಮಗೇನು ತ್ರಾಸು?"

ತ್ರಾಸು ನನಗೆ ಏಕೆಂದರೆ, ಚಾಕು ನಡೆಸಿದವರು ಇವರೇ ಎಂದು ರಾಯರು ಗಿರಾಕಿಗಳೆದುರು ನನ್ನತ್ತ ಬೆರಳು ಮಾಡುತ್ತಿದ್ದರು. ನಾನು ಕೇಳಿಸದವನ ಹಾಗೆ ಬೆನ್ನು ತಿರುಗಿಸುತ್ತಿದ್ದೆ. ಹದಿನಾರರ ಚಾಕು ಮಾತ್ರ ಜಾತ್ರೆಯ ಬೆಂಡು ಬತ್ತಾಸಿನ ಹಾಗೆ ಖರ್ಚಾಗುತ್ತಿತ್ತು. ಜನಕ್ಕೆ ಪ್ರಾಣದ ಮೇಲೆ ಅಷ್ಟು ಆಸೆ. ಟಾಂಗಾದಲ್ಲಿ ಕೂರುವಾಗ ಶಲ್ಯವನ್ನು ಮಡಿಲಲ್ಲಿ ಇಟ್ಟುಕೊಂಡರೆ ಸಾಕು ಎಂಬ ಬುದ್ಧಿ ಒಬ್ಬನಿಗೂ ಹೊಳೆಯಲಿಲ್ಲ.

ಹೀಗಿರುವಾಗ ಇಂದಾಪುರದ ಕಡೆಯ ರೈತನೊಬ್ಬ ಬಂದ. ಕಬ್ಬಿನ ಹೊಲಕ್ಕೆ ಬಾವಿ ಆಳ ಮಾಡಿಸುತ್ತಿದ್ದ. ಹಗ್ಗ ಕಟ್ಟಿಕೊಂಡು ಅವನ ತಮ್ಮನೇ ಕೆಳಗೆ ಇಳಿಯುತ್ತಿದ್ದ. ಹೋದ ವಾರ ಹಗ್ಗ ಕಾಲಿಗೆ ತೊಡರಿ ತಮ್ಮ ತಲೆಕೆಳಗಾಗಿ ತೂಗಿದ್ದನಂತೆ, ಹೇಗೋ ಬದುಕಿದ. ಮತ್ತೆ ಹಾಗಾದರೆ ಅವನ ಹತ್ತಿರ ಒಂದು ಚಾಕು ಇರಲೆಂದು ಅಣ್ಣ ಪುಣೆಗೆ ಬಂದಿದ್ದ. ಕಿಟಕಿಯ ಶಲ್ಯ ನೋಡಿ ಒಳಗೆ ಬಂದು, ರಾಯರ ಕಥೆಯನ್ನೆಲ್ಲ ಕೇಳಿ, ಚಾಕನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದ.

"ಮಾಸ್ತರ, ಶಲ್ಯ ಕೊಯ್ದವರು ನೀವಂತಲ್ಲ. ಒಂದು ಕೈಯಾಗ ಹಗ್ಗ ಹಿಡದಿರತಾನ ನನ್ನ ತಮ್ಮ. ಇದು ಬಿಚ್ಚತದ ಏನ್ರಿ?" ಎಂದು ಮರಾಠಿಯಲ್ಲಿ ಕೇಳಿದ.

ರಾಯರು ನನ್ನನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಇನ್ನೂ ನಾಲ್ಕಾರು ಗಿರಾಕಿಗಳಿದ್ದರು.

"ಇಲ್ಲ," ಎಂದೆ. "ಎರಡು ಕೈ ಇದ್ದ ನನಗೇ ಬಿಚ್ಚಲಿಲ್ಲ. ಗಾಲಿ ಹಿಂದಕ್ಕೆ ತಿರುಗಿಸಿ ಇವರನ್ನು ಬಿಡಿಸಿದೆವು. ಶಲ್ಯ ಕೊಯ್ದದ್ದು ಆಮೇಲೆ." ಮಡಿಚುವ ಚಾಕೇ ಬೇಡ, ಒರೆಯಲ್ಲಿ ಇಡುವ ಸಣ್ಣ ನೆಟ್ಟನೆಯ ಚಾಕು ಕೊಂಡು ತಮ್ಮನ ಎದೆಗೆ ಕಟ್ಟು ಎಂದು ತೆಗೆದುಕೊಟ್ಟೆ. ಅವನು ಅದನ್ನು ಕೊಂಡು ಹೋದ. ಉಳಿದ ಗಿರಾಕಿಗಳು ಏನೂ ಕೊಳ್ಳದೆ ಹೋದರು.

ಮಧ್ಯಾಹ್ನ ಶೇಠಜಿಯ ಎದುರಿಗೆ ಪಂಚಾಯತಿ ಆಯಿತು. ರಾಯರು ಮೇಜಿಗೆ ಕೈ ಬಡಿದರು. "ಒಬ್ಬ ಇರಬೇಕ್ರಿ, ಇಲ್ಲಾ ಅವರು ಇಲ್ಲಾ ನಾನು!" ಎಂದರು. ಶೇಠಜಿ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಶಲ್ಯವನ್ನು ಕಿಟಕಿಯಿಂದ ತೆಗೆಸಿದರು. ಆಮೇಲೆ ನನಗೆ ಹೇಳಿದರು: "ಗುರುನಾಥ, ನಿನ್ನ ನಾಲಗೆ ಮಾಲಿಗಿಂತ ಹರಿತ. ನಾಳೆಯಿಂದ ಹಿಂದಿನ ಖೋಲಿಯಲ್ಲಿ ಸಾಣೆಕಲ್ಲಿನ ಹತ್ತಿರ ಕೂತುಕೋ."

ಕೌಂಟರಿನಲ್ಲಿ ಇಸ್ತ್ರಿಯ ಕೋಟು ಹಾಕಿ ನಿಂತವನಿಗೆ ಹಿಂದಿನ ಖೋಲಿಯಲ್ಲಿ ಕೆಸರು ನೀರಿನ ನಡುವೆ ಕೂರುವುದು ಸಣ್ಣ ಅವಮಾನವಲ್ಲ. ಮನೆಯಲ್ಲಿ ನನ್ನ ಹೆಂಡತಿ, "ಖರೇ ಹೇಳಿದ್ದಕ್ಕ ಕೋಟು ಉಳೀತಲ್ರಿ, ಇನ್ನ ಒಗೀಲಿಕ್ಕೆ ಸಬಕಾರ ಕಡಿಮಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆದರೆ ಚಾಕು ಆರಿಸುವುದು ಹೇಗೆಂದು ನಾನು ಕಲಿತದ್ದು ಆ ಖೋಲಿಯಲ್ಲೇ. ಮುಂದಿನ ಬಾಗಿಲಿನಿಂದ ಹೊಳೆಯುತ್ತ ಹೋದದ್ದೆಲ್ಲ ಹಿಂದಿನ ಬಾಗಿಲಿನಿಂದ ತುಕ್ಕು ಹಿಡಿದು ಬರುತ್ತಿತ್ತು. ಹದಿನಾರರ ಚಾಕುಗಳಲ್ಲಿ ದೊಡ್ಡ ಅಲಗು ಸವೆದಿರುತ್ತಿತ್ತು, ಉಳಿದವುಗಳ ಮೇಲೆ ಕಾರಖಾನೆಯ ಜಿಡ್ಡು ಹಾಗೇ ಇರುತ್ತಿತ್ತು. ತುದಿ ಮುರಿದಿದ್ದರೆ ಡಬ್ಬಿ ತೆರೆದಿದ್ದಾನೆ, ಡಬ್ಬಿ ಕೊರೆಯುವ ಕೊಕ್ಕೆ ಪಕ್ಕದಲ್ಲೇ ಇದ್ದರೂ! ಬುಡದಲ್ಲಿ ಕಪ್ಪು ಕಲೆ ಇದ್ದರೆ ಮಾವಿನಕಾಯಿ ಹೆಚ್ಚಿ ಒರೆಸದೆ ಮಡಿಚಿದ್ದಾನೆ. ಒಬ್ಬ ಪ್ರೊಫೆಸರರು ಗೊರಸಿನ ಕೊಕ್ಕೆಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದೆನೆಂದು ಅಭಿಮಾನದಿಂದ ಹೇಳಿಕೊಂಡರು. ಆ ಕೊಕ್ಕೆಗೆ ಉಪಯೋಗ ಕಂಡ ಮಹಾನುಭಾವರು ನನಗೆ ಸಿಕ್ಕದ್ದು ಅವರೊಬ್ಬರೇ. ಚಾಕು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅಲಗು ನೋಡಬೇಡಿ, ಕೀಲು ನೋಡಿ. ತೆರೆದಾಗ ಅಲಗು ಅತ್ತಿತ್ತ ಅಲುಗಬಾರದು. ಬೆನ್ನಿನ ಸ್ಪ್ರಿಂಗು ಟಕ್ ಎನ್ನಬೇಕು, ಆದರೆ ಉಗುರನ್ನು ಬಲಿ ಕೇಳಬಾರದು. ಇಷ್ಟೇ. ಉಳಿದದ್ದೆಲ್ಲ ಕಿಟಕಿಯ ಶೃಂಗಾರ.

ಎರಡನೆಯ ಯುದ್ಧ ಬಂತು. ವಿಲಾಯತಿಯ ಮಾಲು ನಿಂತುಹೋಯಿತು. ಗಾಜಿನ ಪೆಟ್ಟಿಗೆಗಳು ಬರಿದಾದವು, ಕಿಟಕಿಯ ನವಿಲನ್ನು ಕೂಡ ಯಾರೋ ಕೊಂಡು ಹೋದರು. ಆಗ ಅಂಗಡಿಗೆ ಗಿರಾಕಿ ಬರುತ್ತಿದ್ದದ್ದು ರಿಪೇರಿಗೆ ಮಾತ್ರ. ಮಾರಲು ಹೆಚ್ಚೇನೂ ಇಲ್ಲದ ಶ್ರೀಪಾದರಾಯರು ಹಿಂದಿನ ಖೋಲಿಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದರು. ಅವರು ಕೆಮ್ಮುತ್ತಿದ್ದರು, ನಾನು ಸಾಣೆ ಹಿಡಿಯುತ್ತಿದ್ದೆ.

ಯುದ್ಧ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಗಂಡಹೆಂಡಿರಿಬ್ಬರು ಬಂದರು. ಬೆಳಗಾವಿ ಕಡೆಯ ಹಳ್ಳಿಯವರು. ಗಂಡ ಬಸಪ್ಪ, ಪಲ್ಟಣಿನಲ್ಲಿದ್ದವನು, ಬರ್ಮಾದ ಕಡೆ ಎಡಗೈಯನ್ನು ಮಣಿಕಟ್ಟಿನವರೆಗೆ ಕಳೆದುಕೊಂಡು ಪುಣೆಯ ಆಸ್ಪತ್ರೆಯಲ್ಲಿದ್ದ. ಹೆಂಡತಿ ಗಂಗವ್ವ ಅವನನ್ನು ಊರಿಗೆ ಕರೆದೊಯ್ಯಲು ಬಂದಿದ್ದಳು. ಕನ್ನಡ ಕೇಳಿದ್ದೇ ರಾಯರ ಮುಖ ಅರಳಿತು. ಉಳಿದಿದ್ದ ನಾಲ್ಕೈದು ಅಲಗಿನ ಚಾಕೊಂದನ್ನು ತಂದು ಅದರ ಗುಣಗಾನ ಶುರುಮಾಡಿದರು. ಬಸಪ್ಪ ಅದನ್ನು ಬಲಗೈಯಲ್ಲಿ ಹಿಡಿದು ಹಲ್ಲಿನಿಂದ ಅಲಗು ಎಳೆಯಲು ನೋಡಿದ. ಆಗಲಿಲ್ಲ. ಮೊಣಕಾಲ ಸಂದಿಯಲ್ಲಿ ಇಟ್ಟು ಎಳೆದ. ಕೆಳಗೆ ಬಿತ್ತು. ಗಂಗವ್ವ ಬಗ್ಗಿ ಎತ್ತಲು ಹೋದರೆ, "ಬ್ಯಾಡ, ನೀ ಎತ್ತಬ್ಯಾಡ" ಎಂದು ಗದರಿದ.

ಅವಳು ನನಗೆ ಮೆಲ್ಲಗೆ ಹೇಳಿದಳು: "ನಾ ಹೆಚ್ಚಿ ಕೊಟ್ರ ಉಣ್ಣೂದಿಲ್ರೀ ಅಪ್ಪಾ. ತಾಟು ಸರಸತಾರ. ನಾಕು ದಿನಾ ಆತು."

ನಾನು ನನ್ನ ಎಂದಿನ ಪಾಂಡಿತ್ಯ ತೆಗೆದೆ. ಬಾವಿಗೆ ಇಳಿಯುವವನಿಗೆ ಕೊಟ್ಟಂಥ ಒರೆಯ ಚಾಕನ್ನೇ ಮುಂದಿಟ್ಟೆ. ಬಸಪ್ಪ ಅದನ್ನು ನೋಡಿ, "ಇಂಥವು ಅಲ್ಲಿ ಭಾಳ ನೋಡೀನ್ರಿ. ಸೊಂಟದಾಗ ಕಟಗೊಂಡು ಊರಾಗ ಅಡ್ಡ್ಯಾಡೂದು ಸಾಕು. ಮಂದೀ ಹಂಗ ಕಿಸೇದಾಗ ಇಡೂದು ಬೇಕು" ಎಂದ. ನಾನು ಒರೆಯ ಚಾಕನ್ನು ಹಿಂದಕ್ಕೆ ತೆಗೆದಿಟ್ಟೆ.

ಗಂಗವ್ವ ಮೊದಲಿನ ಮಡಿಚುವ ಚಾಕನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಉಗುರು ಹಾಕೂ ಕಡೆ ಒಂದು ಗುಂಡಿ ಇದ್ದಿದ್ರ? ಕದಕ್ಕ ಇರತೈತೆಲ್ರಿ, ಹಂಗ. ಹೆಬ್ಬಟ್ಟಿಲೆ ನೂಕಬಹುದಿತ್ತು."

ಇಷ್ಟು ವರ್ಷ ಚಾಕಿನ ಜೊತೆ ಬಾಳಿದ ನನಗೆ ಅದು ಹೊಳೆದಿರಲಿಲ್ಲ. ಒಂದೇ ಅಲಗಿನ ಹಳೆಯ ಚಾಕು ತೆಗೆದು, ಅಲಗಿನ ಬೆನ್ನಿಗೆ ಹಿತ್ತಾಳೆಯ ಸಣ್ಣ ಗುಂಡಿಯೊಂದನ್ನು ಕಚ್ಚಿಸಿ ಬಿಗಿದೆ. ಮೊದಲ ಸಲ ಗುಂಡಿ ದೂರವಾಯಿತು, ಹೆಬ್ಬೆರಳು ಮುಟ್ಟಲಿಲ್ಲ. ಬಿಚ್ಚಿ ಕೀಲಿನ ಹತ್ತಿರಕ್ಕೆ ತಂದೆ. ಸ್ಪ್ರಿಂಗನ್ನು ಅರದಿಂದ ಉಜ್ಜಿ ಹಗುರ ಮಾಡಿದೆ. ರಾಯರು ಎದ್ದು ಬಂದು, ಯಾರೂ ಹೇಳದೆ, ದೀಪವನ್ನು ಹತ್ತಿರ ಹಿಡಿದರು.

ಬಸಪ್ಪ ತೆಗೆದುಕೊಂಡು ಹೆಬ್ಬೆರಳಿನಿಂದ ನೂಕಿದ. ಟಕ್ ಎಂದು ತೆರೆಯಿತು. ತೊಡೆಗೆ ಒತ್ತಿ ಮಡಿಚಿದ. ಮತ್ತೆ ತೆರೆದ. ಮತ್ತೆ ಮಡಿಚಿದ. ಹೆಂಡತಿಯ ಚೀಲದಲ್ಲಿ ಸೌತೆಕಾಯಿಗಳಿದ್ದವು. ಒಂದನ್ನು ತೆಗೆದು ನನ್ನ ಹಲಗೆಯ ಮೇಲಿಟ್ಟು ಮೊಂಡು ಎಡಗೈಯಿಂದ ಅದುಮಿ ಹಿಡಿದು ಹೋಳು ಮಾಡಿದ. ಹೋಳುಗಳು ಒಂದು ದಪ್ಪ, ಒಂದು ತೆಳ್ಳಗೆ, ಸೊಟ್ಟಸೊಟ್ಟ. ಮೊದಲನೆಯದನ್ನು ಚಾಕಿನ ತುದಿಗೆ ಚುಚ್ಚಿ ಗಂಗವ್ವನ ಮುಂದೆ ಹಿಡಿದ.

ಅವಳು ತಿಂದಳು. ಕಣ್ಣು ತುಂಬಿ ಬಂದದ್ದನ್ನು ತೋರಿಸಲಾಗದೆ, "ಉಪ್ಪಿಲ್ಲ" ಎಂದಳು.

ಶ್ರೀಪಾದರಾಯರು ಏನೋ ಹೇಳಲು ಬಾಯಿ ತೆರೆದರು. ಇದಕ್ಕೂ ಒಂದು ಫಲಕ ಬರೆಯುವ ಮಾತು ಬರುತ್ತದೆಂದು ನಾನು ಹಲ್ಲು ಕಚ್ಚಿ ಕಾದೆ. ಅವರು ದೀಪ ಕೆಳಗಿಟ್ಟರು. ಬಿಸಿಲಿನಲ್ಲಿ ಚಪ್ಪಲಿ ಸಹ ಮೆಟ್ಟದೆ ಎದುರಿನ ಹೋಟೆಲಿಗೆ ಹೋಗಿ ಕಾಗದದ ಚೂರಿನಲ್ಲಿ ಉಪ್ಪು ತಂದು ಹಲಗೆಯ ಮೇಲಿಟ್ಟರು. ಅಷ್ಟು ವರ್ಷಗಳಲ್ಲಿ ಅವರ ಕೆಲಸದಲ್ಲಿ ನಾನು ಕೊಂಕು ತೆಗೆಯಲಾರದೆ ಹೋದದ್ದು ಅದೊಂದೇ ಸಲ.